ಯಾವ ಜನ? ಎಷ್ಟು ಜನ?

ಹೋದ ತಿಂಗಳು ಪುಣೆಯಿಂದ ನನ್ನ ಗೆಳತಿ ಫೋನ್ ಮಾಡಿದ್ಲು. ನಾವಿಬ್ರೂ ಭದ್ರಾವತಿ ನ್ಯೂಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದೇ ಸಾಲಿನ ಮನೆಗಳಲ್ಲಿ ಬೆಳೆದೋರು. ಈಗ ಇಬ್ರಿಗೂ 52 ವರ್ಷ. "ಮಕ್ಕಳಿಗೆ ನಮ್ಮೂರು ತೋರಿಸ್ಬೇಕು ಕಣೇ. ಮೂರು ದಿನಕ್ಕೆ ಶಿವಮೊಗ್ಗದಲ್ಲಿ ಉಳ್ಕೊಳ್ಳೋಕೆ ಒಂದು ಜಾಗ ನೋಡಿರು. ತೀರಾ ದುಬಾರಿ ಬೇಡ. ಆದ್ರೆ ಮಕ್ಕಳು ದೊಡ್ಡೋರಾಗಿದಾರೆ, ಅದನ್ನ ನೆನಪಿಟ್ಕೋ" ಅಂದ್ಲು. ಮಗನಿಗೆ 19, ಮಗಳಿಗೆ 17.

"ನಮ್ಮನೇಲೇ ಇರ್ರೇ" ಅನ್ನೋ ಮಾತು ಬಾಯಿ ತುದಿಗೆ ಬಂದಿತ್ತು. ಆದ್ರೆ ನಮ್ಮದು ಒಂದು ಬೆಡ್‌ರೂಮಿನ ಮನೆ. ನಮ್ಮತ್ತೆ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು, ಅವರ ಮಂಚ ಹಾಲಿನಲ್ಲೇ ಇದೆ. ಇದೆಲ್ಲ ಅವಳಿಗೆ ಗೊತ್ತು. ಅದಕ್ಕೇ ನನ್ನನ್ನ ಪೇಚಿಗೆ ಸಿಕ್ಕಿಸದೆ ಅವಳೇ ಲಾಡ್ಜಿನ ಮಾತು ಎತ್ತಿದ್ದು.

ಮಾರನೇ ದಿನ ಸಂಜೆ ನಮ್ಮನೆಯವರ ಸ್ಕೂಟರ್ ಹತ್ತಿ ಹೊರಟೆ. ಬಸ್ ಸ್ಟ್ಯಾಂಡ್ ಸುತ್ತಮುತ್ತ, ಬಿ.ಎಚ್. ರೋಡು, ನೆಹರೂ ರೋಡು, ಆಮೇಲೆ ರೈಲ್ವೆ ಸ್ಟೇಷನ್ ಕಡೆ. ಎಲ್ಲಾ ಕೌಂಟರಿನಲ್ಲೂ ಒಂದೇ ಲೆಕ್ಕ.

"ಎಷ್ಟು ಜನ?"

"ನಾಲ್ಕು ಜನ. ಗಂಡ, ಹೆಂಡ್ತಿ, ಇಬ್ರು ಮಕ್ಕಳು."

"ಮಕ್ಕಳಿಗೆ ಎಷ್ಟು ವಯಸ್ಸು?"

ವಯಸ್ಸು ಹೇಳಿದ ಕೂಡಲೇ ಹುಡುಗ ನಗ್ತಿದ್ದ. "ಹಂಗಾದ್ರೆ ನಾಲ್ಕೂ ದೊಡ್ಡೋರೇ ಅಲ್ವಾ ಅಕ್ಕಾ? ಎರಡು ರೂಮು ತಗೋಬೇಕಾಗುತ್ತೆ."

ಅವನು ಹೇಳಿದ್ದೂ ಸರಿ. ಐದು ವರ್ಷದ ಮಗು ಅಪ್ಪ ಅಮ್ಮನ ನಡುವೆ ಎಲ್ಲಾದ್ರೂ ಸೇರ್ಕೊಳ್ಳುತ್ತೆ. 19ರ ಹುಡುಗನಿಗೆ ಕಾಲು ಚಾಚೋಕೇ ಒಂದು ಮಂಚ ಬೇಕು. 17ರ ಹುಡುಗಿಗೆ ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ಬಾಗಿಲು ಬೇಕು. ಅಣ್ಣ ತಂಗಿಯನ್ನ ಒಂದೇ ಮಂಚದ ರೂಮಿಗೆ ಹಾಕೋಕಾಗಲ್ಲ. ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಅಂದ್ರೆ ಎರಡು ರೂಮಿನ ಬಾಡಿಗೆ. ದೊಡ್ಡ ಮಕ್ಕಳ ಜೊತೆ ಊರು ಸುತ್ತೋ ಸಂಸಾರದ ಕಷ್ಟ ಇದೇ. ಮನೇಲಿ ಅವರಿನ್ನೂ ಮಕ್ಕಳು, ಲಾಡ್ಜಿನ ಪುಸ್ತಕದಲ್ಲಿ ಅಲ್ಲ.

ಮನೆಗೆ ಬಂದು ರಾತ್ರಿ ಪಾತ್ರೆ ತೊಳೀತಾ ಇದನ್ನೇ ಯೋಚನೆ ಮಾಡ್ತಿದ್ದೆ. ಈ "ಎಷ್ಟು ಜನ" ಅನ್ನೋ ಪ್ರಶ್ನೆ ಬರೋಕೆ ಮುಂಚೆ, ಊರೂರು ತಿರುಗೋರು ಎಲ್ಲಿ ಮಲಗ್ತಿದ್ರು? ಅವರನ್ನ ಏನು ಕೇಳ್ತಿದ್ರು? ನಾನು ಓದಿದ್ದು ಪಿಯುಸಿವರೆಗೆ. ಆದ್ರೂ ಮನೇಲಿ ಅಪ್ಪನ ಕಾಲದ ಪುಸ್ತಕಗಳಿವೆ, ಊರಲ್ಲಿ ಲೈಬ್ರರಿ ಇದೆ. ಒಂದಷ್ಟು ಹುಡುಕಿ ಓದಿದೆ. ಅದನ್ನೇ ಇಲ್ಲಿ ಹೇಳ್ತೀನಿ. ಹೇಳ್ತಾ ಹೇಳ್ತಾ, ನನ್ನ ಗೆಳತಿಗೂ ನನಗೂ ನಡುವೆ 36 ವರ್ಷದಿಂದ ಮಾತಾಡದೇ ಉಳಿದಿದ್ದ ಒಂದು ವಿಷಯಾನೂ ಬರುತ್ತೆ.

ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಜಗಲಿ ಅಂತ ಇರ್ತಿತ್ತಲ್ಲ, ದಾರಿಹೋಕರ ಮೊದಲನೇ ಲಾಡ್ಜು ಅದೇ. ಸಂಜೆ ಮಳೆ ಹಿಡ್ಕೊಂಡ್ರೆ ಯಾರು ಬೇಕಾದ್ರೂ ಬಂದು ಕೂರ್ತಿದ್ರು. ಬಿಸಿನೀರು, ಗಂಜಿ, ಹೊದೆಯೋಕೆ ಕಂಬಳಿ. ದುಡ್ಡಿನ ಮಾತೇ ಇಲ್ಲ. ಎಷ್ಟು ಜನ ಅಂತ ಕೇಳಿದ್ರೂ ಅದು ಅಕ್ಕಿ ಎಷ್ಟು ಹಾಕ್ಬೇಕು ಅನ್ನೋದಕ್ಕೆ. ಆದ್ರೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇರ್ತಿತ್ತು. "ಯಾವ ಊರು? ಯಾವ ಜನ?" ಆ ಉತ್ತರದ ಮೇಲೆ ಜಗಲಿ ಮೇಲಿನ ಚಾಪೆಯೋ, ಅಂಗಳದ ಮೂಲೆಯೋ, ಕೊಟ್ಟಿಗೆ ಪಕ್ಕದ ಸೂರೋ ಅಂತ ನಿರ್ಧಾರ ಆಗ್ತಿತ್ತು. ಅಜ್ಜಿ ಹೇಳ್ತಿದ್ದ ಜಗಲಿ ಕಥೆಗಳಲ್ಲಿ ಈ ಪ್ರಶ್ನೆ ಯಾವಾಗ್ಲೂ ಇರ್ತಿತ್ತು. ಚಿಕ್ಕೋರಿದ್ದಾಗ ನಮಗೆ ಗಂಜಿ ಮಾತ್ರ ಕೇಳಿಸ್ತಿತ್ತು, ಪ್ರಶ್ನೆ ಕೇಳಿಸ್ತಿರ್ಲಿಲ್ಲ.

ಹಂಗಂತ ಈ ಪ್ರಶ್ನೆ ಇಲ್ಲದ ಜಾಗದ ಕನಸೂ ನಮ್ಮ ಜಿಲ್ಲೇಲಿ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ನಿಮಗೆ ಗೊತ್ತಲ್ಲ, ಅಲ್ಲಮಪ್ರಭುಗಳ ಊರು ಅಂತಾರಲ್ಲ, ಅಲ್ಲಿ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠ ಅಂತ ಒಂದಿತ್ತು. ಬಿಜ್ಜಳನ ಕಾಲದ 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಜಾಗ ಅಂತ ಮೊದಲು ಹೇಳುತ್ತೆ. ಆಮೇಲೆ ಬಡವರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಹಾಕುವ ಜಾಗ, ರೋಗಿಗಳಿಗೆ ಔಷಧಿ ಸಿಗುವ ಜಾಗ, ಹೆದರಿ ಬಂದ ಜೀವಿಗಳಿಗೆಲ್ಲ ಅಭಯದ ಜಾಗ ಅಂತ ಒಂದು ಉದ್ದನೇ ಪಟ್ಟಿ ಕೊಡುತ್ತೆ. ಮಠ ಕಾಳಾಮುಖ ಶೈವರದ್ದು. ಆದ್ರೂ ಊಟದ ಪಟ್ಟಿಯಲ್ಲಿ ಜೈನ, ಬೌದ್ಧ ಸನ್ಯಾಸಿಗಳೂ ಇದಾರೆ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದರು. ಶಾಸನ ಬರೆಸೋರು ತಮ್ಮ ಬಗ್ಗೆ ಒಳ್ಳೇದನ್ನೇ ಬರೆಸ್ತಾರೆ, ಅದಿರಲಿ. ಬಂದೋರು ಯಾರೇ ಆಗ್ಲಿ ಅನ್ನ ಹಾಕ್ಬೇಕು ಅನ್ನೋ ಆಸೆಯಾದ್ರೂ 860 ವರ್ಷಗಳ ಹಿಂದೆ ನಮ್ಮ ನೆಲದ ಕಲ್ಲಿನ ಮೇಲೆ ಕೂತಿದೆ.

ಛತ್ರ ಅನ್ನೋ ಮಾತೇ ಆ ಕಾಲದ್ದು. ಹಳೇ ಶಾಸನಗಳಲ್ಲಿ ಅದು "ಸತ್ರ". ಸತ್ರ ಅಂದ್ರೆ ಅನ್ನ ಹಾಕೋ ಜಾಗ. ದಾರೀಲಿ ನೀರು ಕೊಡೋದಕ್ಕೆ ಅರವಟ್ಟಿಗೆ. ರಾಜರು, ಸೆಟ್ಟರು, ದಂಡನಾಯಕರು ಇವುಗಳಿಗೆ ಗದ್ದೆ ತೋಟ ದತ್ತಿ ಬಿಡ್ತಿದ್ರು. ಊಟ ಹಾಕಿದ ಮೇಲೆ ರಾತ್ರಿ ಎಲ್ಲಿಗೆ ಕಳಿಸೋದು? ಹಂಗಾಗಿ ಅನ್ನದ ಜಾಗವೇ ಮಲಗೋ ಜಾಗಾನೂ ಆಯ್ತು.

ಛತ್ರ ಸಿಗದ ಕಡೆ ದೇವಸ್ಥಾನದ ಜಗಲಿ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆ ಅನ್ನೋ ಪ್ರವಾಸಿ, ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಘಟ್ಟದ ಮೇಲೆ ದೇವಸ್ಥಾನದ ಜಗಲಿಯಲ್ಲಿ ಹೊತ್ತು ಕಳೀತಾ ಕೂತಿದ್ದಾಗ, ನಾಲ್ಕು ಜನ ಹುಡುಗರು ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಹೇಳ್ಕೊಳ್ತಾ ಬೆರಳಲ್ಲಿ ಲೆಕ್ಕ ಬರೀತಿದ್ದದ್ದನ್ನ ನೋಡಿ ಬೆರಗಾಗಿ ಕಾಗದ ಬರೆದಿದಾನೆ. ಒಂದೇ ಜಗಲಿ ಸ್ಕೂಲೂ ಹೌದು, ದಾರಿಹೋಕರ ತಂಗುದಾಣವೂ ಹೌದು. ಜಗಲಿಯಲ್ಲಿ ಗೋಡೆ ಇರಲ್ಲ. ಹಂಗಾಗಿ ಈ ವ್ಯವಸ್ಥೆ ಹೆಚ್ಚಾಗಿ ಗಂಡಸರಿಗೇ ಸರಿ. ಸಂಸಾರ ಕಟ್ಕೊಂಡು ಹೋಗೋರು ನೆಂಟರ ಮನೆ ಇರೋ ಊರಿಗೇ ಹೋಗ್ತಿದ್ರು.

ಅದು ಬದಲಾಗಿದ್ದು ರೈಲು ಬಂದ ಮೇಲೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಎತ್ತಿನ ಗಾಡೀಲಿ ಹೋದೋರು ಸಂಜೆಗೆ ಪರಿಚಯದ ಊರು ಸೇರ್ಕೊಳ್ಳೋ ಹಂಗೆ ಲೆಕ್ಕ ಹಾಕ್ತಿದ್ರು. ರೈಲು ಹಂಗಲ್ಲ. ಯಾರ ಪರಿಚಯಾನೂ ಇಲ್ಲದ ದೊಡ್ಡ ಊರಲ್ಲಿ ನಡುರಾತ್ರಿ ಇಳಿಸಿಬಿಡುತ್ತೆ. ಹೆಂಡ್ತಿ ಮಕ್ಕಳು ಜೊತೇಲಿದ್ರೆ ಎಲ್ಲಿಗೆ ಹೋಗೋದು?

ಇದನ್ನ ಅರ್ಥ ಮಾಡ್ಕೊಂಡೋರು ಗುಬ್ಬಿ ತೋಟದಪ್ಪನವರು. ವ್ಯಾಪಾರ ಮಾಡಿ ದುಡಿದ ಹಣದಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರ 1897ರಲ್ಲಿ ಜಾಗ ಕೊಂಡರು. 1903ರ ಫೆಬ್ರವರಿಯಲ್ಲಿ ಅವರ ಧರ್ಮಛತ್ರ ಶುರುವಾಯ್ತು. ಆ ಛತ್ರ ಎಲ್ಲಾ ಮತದ ಪ್ರಯಾಣಿಕರಿಗೂ ತೆರೆದಿತ್ತು. ಮೈಸೂರು ಮಹಾರಾಜರು ಅವರಿಗೆ "ಧರ್ಮಪ್ರವರ್ತ" ಅಂತ ಬಿರುದು ಕೊಟ್ರು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೊರಟೋರ ಬಾಯಲ್ಲಿ "ತೋಟದಪ್ಪನ ಛತ್ರ" ಅನ್ನೋ ಹೆಸರು ಎಷ್ಟು ಸಲ ಕೇಳಿದೀನೋ ಲೆಕ್ಕವಿಲ್ಲ. ಕೋರ್ಟು ಕೆಲಸ, ಆಸ್ಪತ್ರೆ ಕೆಲಸ, ಮಗನ ಇಂಟರ್‌ವ್ಯೂ, ಎಲ್ಲದಕ್ಕೂ ಅದೇ ಧೈರ್ಯ.

ಸರ್ಕಾರದ ಕಡೆಯಿಂದ ಟ್ರಾವೆಲರ್ಸ್ ಬಂಗಲೆಗಳು ಬಂದವು. ನಾವು ಟೀಬಿ ಅಂತೀವಲ್ಲ, ಅದು. ಎತ್ತರದ ಚಾವಣಿ, ದಪ್ಪ ಗೋಡೆ, ಅಡುಗೆಯವನು, ಊರಾಚೆ ಮರದ ನೆರಳು. ಅದು ದೊರೆಗಳಿಗೆ, ಅಮಲ್ದಾರರಿಗೆ, ಇಂಜಿನಿಯರುಗಳಿಗೆ. ಸಾಮಾನ್ಯ ಜನಕ್ಕೆ ಮುಸಾಫಿರ್‌ಖಾನೆ. ಹೆಸರು ಚಂದ, ಒಳಗೆ ಬರೀ ನೆಲ. ಈಗಿನ ಪ್ರವಾಸಿ ಮಂದಿರಗಳು ಆ ಟೀಬಿಯ ಮೊಮ್ಮಕ್ಕಳು. ಇವತ್ತಿಗೂ ಅಲ್ಲಿ ಸರ್ಕಾರಿ ಕೆಲಸದ ಮೇಲೆ ಬಂದೋರಿಗೇ ಮೊದಲ ಮಣೆ.

ಇನ್ನು ನಮ್ಮ ಭದ್ರಾವತಿ. ಮೊದಲು ಅದರ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಭದ್ರಾ ಹೊಳೆ, ಸುತ್ತ ಕಾಡು. 1918ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುವಾಗಿ 1923ರಲ್ಲಿ ಕುಲುಮೆ ಉರೀತು. ಆವಾಗ್ಲೇ ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತರು. ಆಮೇಲೆ 1936ರಲ್ಲಿ ಪೇಪರ್ ಮಿಲ್ ಕಂಪನಿ. ಎಲ್ಲೆಲ್ಲಿಂದಲೋ ಜನ ಬಂದ್ರು. ತಮಿಳರು, ತೆಲುಗರು, ಮಲಯಾಳಿಗಳು, ಬಯಲುಸೀಮೆಯೋರು. ಯಾರಿಗೂ ಅಲ್ಲಿ ನೆಂಟರಿಲ್ಲ, ಎಲ್ಲರೂ ಬಂದೋರೇ. ಕ್ವಾರ್ಟರ್ಸ್ ಕೊಡೋವಾಗ ಕಂಪನಿ ಕೇಳಿದ್ದು ಹುದ್ದೆ, ಸರ್ವೀಸು. ಹಂಗಾಗಿ ಒಂದೇ ಸಾಲಲ್ಲಿ ಎಲ್ಲಾ ಜಾತಿ, ನಾಲ್ಕು ಭಾಷೆ. ನಮ್ಮಪ್ಪ ಮತ್ತು ನನ್ನ ಗೆಳತಿಯ ಅಪ್ಪ ಒಂದೇ ಶಿಫ್ಟು, ಒಂದೇ ಫರ್ನೇಸು. ಅವರನ್ನ ನಾನು ಮಾಮ ಅಂತಿದ್ದೆ. ನೈಟ್ ಶಿಫ್ಟಿನಲ್ಲಿ ಇಬ್ರೂ ಒಂದೇ ಡಬ್ಬಿಯಿಂದ ತಿನ್ತಿದ್ರು. ಊರಿಂದ ನೆಂಟರು ಬಂದು ನಮ್ಮನೇಲಿ ಜಾಗ ಸಾಲದಿದ್ರೆ ನಾವು ಹುಡುಗ್ರು ಅವರ ಮನೆ ವರಾಂಡದಲ್ಲಿ ಮಲಗ್ತಿದ್ವಿ. ಅವರ ನೆಂಟರು ಬಂದ್ರೆ ಅವರ ಮಕ್ಕಳು ನಮ್ಮನೇಲಿ.

1989ರ ದಸರಾ. ನಾನು ಫಸ್ಟ್ ಪಿಯುಸಿ. ಅಣ್ಣನಿಗೆ 19, ಐಟಿಐ ಮುಗಿಸಿದ್ದ. ನಮ್ಮನೆ ನಾಲ್ಕು ಜನ, ಅವರ ಮನೆ ನಾಲ್ಕು ಜನ, ಒಟ್ಟು ಎಂಟು ಜನ ಮೈಸೂರಿಗೆ ಹೊರಟ್ವಿ. ಆಗ ಇನ್ನೂ ಮೀಟರ್ ಗೇಜ್. ಭದ್ರಾವತಿಯಿಂದ ಅರಸೀಕೆರೆ, ಅಲ್ಲಿ ಗಾಡಿ ಬದಲಾಯಿಸಿ ಹಾಸನದ ಮೇಲೆ ಮೈಸೂರು. ಚಪಾತಿ, ಚಿತ್ರಾನ್ನ, ಒಂದು ಕೊಡದಷ್ಟು ನೀರು. ಇಳಿಯೋ ಹೊತ್ತಿಗೆ ಕತ್ತಲಾಗಿತ್ತು.

ದಸರಾ ಟೈಮು, ಲಾಡ್ಜುಗಳೆಲ್ಲ ತುಂಬಿದ್ವು. ಒಂದೆರಡು ಕಡೆ ರೂಮು ಇತ್ತು, ಬಾಡಿಗೆ ಕೇಳಿ ಅಪ್ಪ ಮಾಮನ ಮುಖ ನೋಡಿದ್ರು, ಮಾಮ ಅಪ್ಪನ ಮುಖ ನೋಡಿದ್ರು. "ಮಕ್ಕಳು ದೊಡ್ಡೋರು, ಎಂಟು ಜನಕ್ಕೆ ನಾಲ್ಕು ರೂಮು ಬೇಕು" ಅಂದ ಮ್ಯಾನೇಜರು. ತಿಂಗಳ ಸಂಬಳದ ದೊಡ್ಡ ಪಾಲು ಅಲ್ಲೇ ಹೋಗ್ತಿತ್ತು. ಕೊನೆಗೆ ಯಾರೋ ಒಂದು ಛತ್ರದ ದಾರಿ ಹೇಳಿದ್ರು. ಅದರ ಹೆಸರು ಈಗ ಯಾಕೆ, ಬಿಡಿ.

ಛತ್ರದ ಬಾಗಿಲಲ್ಲಿ ಒಂದು ಮೇಜು, ಅದರ ಹಿಂದೆ ಒಬ್ರು ವಯಸ್ಸಾದೋರು. ಮೊದಲು ಅಪ್ಪ ನಿಂತಿದ್ರು. "ಯಾವ ಜನ?" ಅಂತ ಕೇಳಿದ್ರು ಅವರು. ಅಪ್ಪ ಒಂದು ಕ್ಷಣ ತಡೆದು ನಮ್ಮ ಜಾತಿ ಹೇಳಿದ್ರು. ಪುಸ್ತಕದಲ್ಲಿ ಬರ್ಕೊಂಡು, "ದೊಡ್ಡ ಹಾಲಿನಲ್ಲಿ ಮೂಲೆ ಖಾಲಿ ಇದೆ, ಹತ್ತು ರೂಪಾಯಿ ಕಟ್ಟಿ" ಅಂದ್ರು. ಆಮೇಲೆ ಮಾಮನನ್ನ ಕೇಳಿದ್ರು. ಮಾಮ ಮುಚ್ಚಿಡದೆ ಹೇಳಿದ್ರು. ಮೇಜಿನ ಹಿಂದಿನವರು ಪುಸ್ತಕ ಮುಚ್ಚಿ, ದನಿ ಏರಿಸದೆ, ಬೇಜಾರೂ ಮಾಡ್ಕೊಳ್ಳದೆ, "ಜಾಗ ಇಲ್ಲ" ಅಂದ್ರು.

ಹಾಲಿನಲ್ಲಿ ಜಾಗ ಇತ್ತು. ನಮಗೆಲ್ಲ ಕಾಣ್ತಿತ್ತು.

ಅಪ್ಪ ವಾಪಸ್ ಹೊರಡೋಕೆ ಚೀಲ ಎತ್ತಿದ್ರು. ಮಾಮನೇ ತಡೆದ್ರು. "ನೀವು ಇರಿ, ಹುಡುಗಿ ದೊಡ್ಡೋಳಾಗಿದಾಳೆ, ರಾತ್ರಿ ಎಲ್ಲಿ ಅಂತ ತಿರುಗ್ತೀರಿ? ನಾವು ಸ್ಟೇಷನ್ ಕಡೆ ನೋಡ್ತೀವಿ" ಅಂದ್ರು. ಹುಡುಗಿ ಅಂದ್ರೆ ನಾನು. ಅವರ ಪಕ್ಕದಲ್ಲೇ ಅವರ ಮಗಳು ನಿಂತಿದ್ಲು. ಅವಳಿಗೂ ನನ್ನದೇ ವಯಸ್ಸು. ಇಬ್ರೂ ಅವತ್ತು ಒಂದೇ ಥರದ ರಿಬ್ಬನ್ ಕಟ್ಕೊಂಡಿದ್ವಿ.

ನಾವು ಒಳಗೆ ಹೋದ್ವಿ. ಅವರು ಹೊರಗೆ ಹೋದ್ರು.

ಒಳಗೆ ಐವತ್ತು ಅರವತ್ತು ಜನ. ಅಮ್ಮ ಮೂಲೇಲಿ ಕಿಟಕಿ ಸರಳಿಂದ ಕಂಬಕ್ಕೆ ತನ್ನ ಒಂದು ಸೀರೆ ಕಟ್ಟಿದ್ರು. ಆಚೆ ಕಡೆ ಅಪ್ಪ, ಅಣ್ಣ. ಈಚೆ ಕಡೆ ಅಮ್ಮ, ನಾನು. ಹತ್ತು ರೂಪಾಯಿಗೆ ಎರಡು ರೂಮು ಆಯ್ತು. ಮುಂಚಿನ ಕಾಲದ ಹೆಂಗಸರು ಛತ್ರಗಳಲ್ಲಿ ಹೆಣ್ಣುಮಕ್ಕಳನ್ನ ಹಿಂಗೇ ಕಾಪಾಡ್ಕೊಂಡು ಬಂದಿದ್ದಿರ್ಬೇಕು, ಒಂದು ಸೀರೆಯ ಗೋಡೆ ಕಟ್ಟಿ. ಅವತ್ತು ರಾತ್ರಿ ಆ ಗೋಡೆ ಹಿಂದೆ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನ ಹೇಳೋಕೆ ಈಗ ನಾಚಿಕೆ ಆಗುತ್ತೆ, ಆದ್ರೆ ನಿಜ.

ಅವರು ನಾಲ್ಕು ಜನ ಸ್ಟೇಷನ್ನಿನ ವೇಟಿಂಗ್ ಹಾಲಿನಲ್ಲಿ ಕೂತು ಬೆಳಗು ಮಾಡಿದ್ರು. ಬೆಳಗ್ಗೆ ಎಲ್ಲರೂ ಸೇರಿ ಜಂಬೂಸವಾರಿ ನೋಡಿದ್ವಿ, ಮೈಸೂರುಪಾಕು ತಿಂದ್ವಿ. ಯಾರೂ ಆ ಮಾತು ಎತ್ತಲಿಲ್ಲ. ಅವತ್ತೇ ರಾತ್ರಿ ಗಾಡಿ ಹತ್ತಿದ್ವಿ. ಎರಡು ರಾತ್ರಿ ಉಳಿಯೋದು ಅಂತ ಮಾತಾಗಿತ್ತು, ಒಂದೇ ರಾತ್ರಿಗೆ ಮುಗೀತು.

ಇದು ಬರೀ ನಮ್ಮ ಎರಡು ಮನೆ ಕಥೆ ಅಲ್ಲ ಅಂತ ಗೊತ್ತಾಗಿದ್ದು ಓದ್ತಾ ಹೋದಾಗ. ಅಂಬೇಡ್ಕರ್ ಅವರು 1917ರಲ್ಲಿ ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಆ ಊರಲ್ಲಿ ಅವರಿಗೆ ಉಳ್ಕೊಳ್ಳೋಕೆ ಜಾಗ ಸಿಗಲಿಲ್ಲ. ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಸೇರ್ಕೊಂಡ್ರು. ಕೆಲವೇ ದಿನದಲ್ಲಿ ವಿಷಯ ಗೊತ್ತಾಗಿ ದೊಣ್ಣೆ ಹಿಡಿದು ಜನ ಬಂದ್ರು. ಸಂಜೆಯೊಳಗೆ ಖಾಲಿ ಮಾಡ್ಬೇಕಾಯ್ತು. ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದು ರಾತ್ರಿ ಮುಂಬೈ ರೈಲು ಹತ್ತಿದ್ರು. ಎರಡು ದೇಶದಲ್ಲಿ ಓದಿ ಬಂದ ಮನುಷ್ಯನಿಗೆ ತನ್ನ ದೇಶದಲ್ಲಿ ಒಂದು ರೂಮು ಸಿಗಲಿಲ್ಲ.

ದೂರದ ಅಮೆರಿಕದಲ್ಲೂ ಇದೇ. 1936ರಲ್ಲಿ, ಅಂದ್ರೆ ನಮ್ಮ ಪೇಪರ್ ಮಿಲ್ ಕಂಪನಿ ಶುರುವಾದ ವರ್ಷವೇ, ವಿಕ್ಟರ್ ಹ್ಯೂಗೋ ಗ್ರೀನ್ ಅನ್ನೋ ಅಂಚೆ ಇಲಾಖೆಯವರು ಒಂದು ಪುಸ್ತಕ ಶುರು ಮಾಡಿದ್ರು. ಕಪ್ಪು ಜನ ಕಾರಲ್ಲಿ ಊರೂರು ಹೋಗೋವಾಗ ಯಾವ ಹೋಟೆಲಿನಲ್ಲಿ, ಯಾರ ಮನೇಲಿ ತಮ್ಮನ್ನ ಸೇರಿಸ್ಕೊಳ್ತಾರೆ ಅನ್ನೋ ಪಟ್ಟಿ ಅದರಲ್ಲಿ. ಗ್ರೀನ್ ಬುಕ್ ಅಂತ ಅದರ ಹೆಸರು. 1964ರಲ್ಲಿ ಅಲ್ಲಿ ಕಾನೂನು ಬಂದು ಕೆಲವೇ ವರ್ಷದಲ್ಲಿ ಆ ಪುಸ್ತಕ ನಿಂತುಹೋಯ್ತು. ನನ್ನ ಮಗಳು ಅದೇ ಹೆಸರಿನ ಸಿನಿಮಾ ತೋರಿಸಿದಾಗ ನನಗೆ ಕಣ್ಣೆದುರು ಬಂದಿದ್ದು ಮಾಮ ಚೀಲ ಹೊತ್ಕೊಂಡು ಸ್ಟೇಷನ್ ಕಡೆ ತಿರುಗಿದ್ದು.

ನಮ್ಮಲ್ಲಿ ಕಾನೂನು ಅದಕ್ಕೂ ಮುಂಚೆನೇ ಬಂದಿತ್ತು. ಸಂವಿಧಾನದ 15ನೇ ವಿಧಿಯಲ್ಲೇ ಹೋಟೆಲುಗಳ ಹೆಸರಿದೆ. 1955ರ ಅಸ್ಪೃಶ್ಯತಾ ಅಪರಾಧ ಕಾಯ್ದೆಯಲ್ಲಿ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆ ಅನ್ನೋ ಪದಗಳೇ ಇವೆ. ಅಂದ್ರೆ ಕಾನೂನು ಬರೆದೋರಿಗೆ ದಾರಿ ಮೇಲಿನ ರಾತ್ರಿ ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತಿತ್ತು. ನಾವು ಮೈಸೂರಿಗೆ ಹೋದಾಗ ಆ ಕಾಯ್ದೆಗೆ 34 ವರ್ಷ. ಆದ್ರೆ "ನಿಮ್ಮ ಜಾತಿಗೆ ಜಾಗ ಇಲ್ಲ" ಅಂದ್ರೆ ತಾನೇ ಕಾನೂನಿಗೆ ಸಿಗೋದು? ಬರೀ "ಜಾಗ ಇಲ್ಲ" ಅಂದೋರನ್ನ ಯಾರು ಏನು ಮಾಡ್ತಾರೆ?

ಇದನ್ನ ಯೋಚಿಸಿದ ಮೇಲೆ ಲಾಡ್ಜಿನ ಬಗ್ಗೆ ನನ್ನ ಸಿಟ್ಟು ಸ್ವಲ್ಪ ಇಳೀತು. ಬಸ್ಸುಗಳು ಜಾಸ್ತಿಯಾದಂಗೆ "ಊಟ ಮತ್ತು ವಸತಿ" ಅನ್ನೋ ಬೋರ್ಡುಗಳು ಊರೂರಲ್ಲಿ ಬಂದ್ವು. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ನಿಗಮ ಹುಟ್ಟಿ, ಮಯೂರ ಅನ್ನೋ ಹೆಸರಿನ ಹೋಟೆಲುಗಳು ಶುರುವಾದ್ವು. ಇವೆಲ್ಲ ದುಡ್ಡಿನ ವ್ಯವಹಾರ ನಿಜ. ಜಗಲಿಯ ಗಂಜಿ ಇಲ್ಲ, ಕಂಬಳಿ ಇಲ್ಲ. ಆದ್ರೆ ದುಡ್ಡು "ಯಾವ ಜನ" ಅನ್ನೋದನ್ನ ಕೇಳೋದು ಬಿಟ್ಟು "ಎಷ್ಟು ಜನ" ಅಂತ ಕೇಳೋಕೆ ಶುರು ಮಾಡ್ತು. ತಲೆ ಲೆಕ್ಕ ಹಾಕೋದು ಒರಟು ಅನ್ಸುತ್ತೆ. ಆದ್ರೆ ಆ ಲೆಕ್ಕದಲ್ಲಿ ಎಲ್ಲಾ ತಲೆಗೂ ಒಂದೇ ಬೆಲೆ.

ಕಷ್ಟ ಏನಂದ್ರೆ ಆ ಬೆಲೆ ಏರ್ತಾನೇ ಇದೆ. 2022ರ ಜುಲೈ 18ರವರೆಗೆ ದಿನಕ್ಕೆ 1000 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಇರ್ಲಿಲ್ಲ. ಆವತ್ತಿಂದ ಅಗ್ಗದ ರೂಮಿಗೂ ತೆರಿಗೆ ಬಂತು. ಅಮೃತಸರದ ಸ್ವರ್ಣಮಂದಿರದ ಸರಾಯಿಗಳಿಗೂ ತೆರಿಗೆಯಾ ಅಂತ ಗಲಾಟೆ ಎದ್ದಾಗ, ಧಾರ್ಮಿಕ ಸ್ಥಳದ ಆವರಣದಲ್ಲಿರೋ 1000 ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗೆ ವಿನಾಯಿತಿ ಇದೆ ಅಂತ ಸರ್ಕಾರ ಆಗಸ್ಟಿನಲ್ಲಿ ಸ್ಪಷ್ಟ ಮಾಡ್ತು. ಹಳೇ ಛತ್ರದ ನೆನಪು ತೆರಿಗೆ ಪುಸ್ತಕದಲ್ಲಿ ಇಷ್ಟಾದ್ರೂ ಉಳಿದಿದೆ. ಧರ್ಮಸ್ಥಳದ ಶರಾವತಿ, ವೈಶಾಲಿ, ಗಂಗೋತ್ರಿಗಳಂಥ ವಸತಿಗೃಹಗಳಿಗೆ ಮಧ್ಯಮ ವರ್ಗದ ಸಂಸಾರಗಳು ಇವತ್ತಿಗೂ ನೆಚ್ಕೊಂಡು ಹೋಗೋದು ಇದಕ್ಕೇ. ಬೆಳೆದ ಮಕ್ಕಳಿದ್ರೂ ಹೊರೆ ಆಗಲ್ಲ.

ಇಷ್ಟೆಲ್ಲ ಹೇಳಿ ಕೊನೆಗೆ ಜಾಗ ಸಿಕ್ತಾ ಅಂತ ಕೇಳ್ತೀರಿ. ಸಿಕ್ತು. ಮೂರು ಸಂಜೆ ಸುತ್ತಿದ ಮೇಲೆ ನಾನು ಕಲಿತಿದ್ದನ್ನ ಹೇಳ್ತೀನಿ, ನಿಮಗೂ ಬೇಕಾಗಬಹುದು. "ಡಬಲ್ ರೂಮು ಎರಡು" ಅಂತ ಕೇಳಬೇಡಿ, "ನಾಲ್ಕು ಮಂಚದ ರೂಮು ಇದೆಯಾ" ಅಂತ ಕೇಳಿ. ಮದುವೆ ಪಾರ್ಟಿಗಳಿಗೆ ಅಂತ ಹಳೇ ಲಾಡ್ಜುಗಳಲ್ಲಿ ಒಂದೆರಡು ಇಟ್ಕೊಂಡಿರ್ತಾರೆ. ಎಕ್ಸ್‌ಟ್ರಾ ಬೆಡ್ ಅಂದ್ರೆ ಮಂಚವೋ, ನೆಲದ ಮೇಲಿನ ಹಾಸಿಗೆಯೋ ಮೊದಲೇ ಕೇಳಿ. ಬಾತ್‌ರೂಮಿನ ಚಿಲಕ ನೀವೇ ಹಾಕಿ ನೋಡಿ. ಬಿಸಿನೀರು ಎಷ್ಟು ಹೊತ್ತಿಂದ ಎಷ್ಟು ಹೊತ್ತಿಗೆ ಅಂತ ಕೇಳಿ, ನಾಲ್ಕು ಜನ ದೊಡ್ಡೋರ ಸ್ನಾನ ಒಂದು ಗಂಟೇಲಿ ಮುಗಿಯಲ್ಲ. ಇಪ್ಪತ್ನಾಲ್ಕು ಗಂಟೆ ಲೆಕ್ಕವೋ, ಬೆಳಗ್ಗೆ ಇಂತಿಷ್ಟು ಹೊತ್ತಿಗೆ ಖಾಲಿ ಮಾಡ್ಬೇಕೋ ತಿಳ್ಕೊಳ್ಳಿ. ಮಕ್ಕಳ ಆಧಾರ್ ಕಾರ್ಡೂ ತರೋಕೆ ಹೇಳಿ.

ನನಗೆ ಸಿಕ್ಕಿದ್ದು ಒಂದು ಹಳೇ ಲಾಡ್ಜಿನ ಮಹಡಿ ರೂಮು. ನಾಲ್ಕು ಮಂಚ, ಮಧ್ಯೆ ಆಳೆತ್ತರದ ಹಲಗೆ ಗೋಡೆ, ಆಚೆ ಎರಡು ಈಚೆ ಎರಡು. ದಿನಕ್ಕೆ 1800 ರೂಪಾಯಿ. ಆ ಹಲಗೆ ನೋಡಿದ ಕೂಡಲೇ ನನಗೆ ಅಮ್ಮನ ಸೀರೆ ನೆನಪಾಯ್ತು. ಅಡ್ವಾನ್ಸ್ ಕೊಟ್ಟು ಬಂದೆ.

ಅವರು ಬಂದ ದಿನ ನಾನೂ ಲಾಡ್ಜಿಗೆ ಹೋಗಿದ್ದೆ. ಕೌಂಟರಿನ ಹುಡುಗ ಪುಸ್ತಕ ತೆಗೆದು, ತಲೆ ಎತ್ತದೆ, "ಎಷ್ಟು ಜನ?" ಅಂದ. ಗೆಳತಿ "ನಾಲ್ಕು" ಅಂದ್ಲು. ಅಂದು ನನ್ನ ಕಡೆ ತಿರುಗಿ ನೋಡಿದ್ಲು. ಅವಳಿಗೂ ನೆನಪಿದೆ ಅಂತ ನನಗೆ ಆಗ ಗೊತ್ತಾಯ್ತು.

ಮಾರನೇ ದಿನ ಎಲ್ಲರೂ ಭದ್ರಾವತಿಗೆ ಹೋದ್ವಿ. ಪೇಪರ್ ಮಿಲ್ ನಿಂತು ವರ್ಷಗಳೇ ಆದ್ವು. ಕಬ್ಬಿಣದ ಕಾರ್ಖಾನೆ ಮುಚ್ತಾರೆ ಅಂತ 2023ರ ಜನವರಿಯಲ್ಲಿ ಸುದ್ದಿ ಬಂದಾಗಿಂದ ಊರಿಗೆ ಊರೇ ಜೀವ ಕೈಯಲ್ಲಿ ಹಿಡ್ಕೊಂಡಿದೆ. ನಮ್ಮ ಸಾಲಿನ ಎಷ್ಟೋ ಕ್ವಾರ್ಟರ್ಸ್ ಖಾಲಿ. ಅವರ ವರಾಂಡದಲ್ಲಿ ಮಕ್ಕಳು ಫೋಟೋ ತೆಗೀತಿದ್ರು. ನಾವಿಬ್ರೂ ಮೆಟ್ಟಿಲ ಮೇಲೆ ಕೂತ್ವಿ. ಕೊನೆಗೂ ನಾನೇ ಶುರು ಮಾಡಿದೆ.

"ಅವತ್ತು ನಾವೂ ನಿಮ್ಮ ಜೊತೆ ಸ್ಟೇಷನ್ನಿಗೆ ಬರ್ಬೇಕಿತ್ತು ಕಣೇ."

ಅವಳು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ ಅಂದ್ಲು, "ನಂಗೆ ನಿದ್ದೆ ಬಂದಿತ್ತು. ಅಮ್ಮಂಗೂ ಬಂತು. ಅಪ್ಪ ಮಾತ್ರ ರಾತ್ರಿಯೆಲ್ಲ ಚೀಲದ ಮೇಲೆ ಕೈಯಿಟ್ಕೊಂಡು ಕೂತೇ ಇದ್ರು. ಬೆಳಗ್ಗೆ ನಿಮ್ಮಪ್ಪ ಬಂದು ಕಾಫಿ ಕೊಡಿಸಿದ್ರಲ್ಲ, ಆಗ ನಮ್ಮಪ್ಪ ಹೇಳಿದ್ದು ನೆನಪಿದೆ. ಫರ್ನೇಸ್ ಹತ್ರ ನಿಂತು ಅಭ್ಯಾಸ ಮಾರಾಯ್ರೇ, ಒಂದು ನೈಟ್ ಶಿಫ್ಟ್ ಅನ್ಕೊಂಡೆ, ಅಂತ."

ನಮ್ಮಪ್ಪ ಆ ಕಾಫಿ ಮಾತು ನಮಗೆ ಯಾವತ್ತೂ ಹೇಳಿರ್ಲಿಲ್ಲ. ಆದ್ರೆ ಅವರು ಬದುಕಿರೋವರೆಗೆ ಮತ್ತೆ ಆ ಛತ್ರಕ್ಕೆ ಹೋಗಲಿಲ್ಲ. ಬೇರೆ ಕಡೆ ಎಲ್ಲಾದ್ರೂ "ಯಾವ ಜನ" ಅಂತ ಕೇಳಿದ್ರೆ, "ಭದ್ರಾವತಿ ಜನ" ಅಂತಷ್ಟೇ ಹೇಳಿ ಸುಮ್ಮನಾಗ್ತಿದ್ರು. ಅಷ್ಟಕ್ಕೆ ಜಾಗ ಕೊಟ್ರೆ ಇರ್ತಿದ್ದೆವು, ಇಲ್ಲದಿದ್ರೆ ಬಸ್ ಸ್ಟ್ಯಾಂಡ್. ಇದನ್ನ ಗೆಳತಿಗೆ ಹೇಳಿದೆ. ಅವಳು ನಕ್ಕಳು. ಕಣ್ಣು ಒರೆಸ್ಕೊಂಡಿದ್ದು ಇಬ್ರೂ.

ಎಲ್ಲಾ ಸರಿಹೋಯ್ತು ಅಂತ ಮುಗಿಸೋಕೆ ನನಗೂ ಇಷ್ಟ. ಆದ್ರೆ ಅವಳ ಮಗ ವಾಪಸ್ ಬರೋವಾಗ ಕಾರಲ್ಲಿ ಒಂದು ಮಾತು ಹೇಳಿದ. ಕಾಲೇಜಿಗೆ ಸೇರಿದಾಗ ಅವನೂ ಸ್ನೇಹಿತರೂ ರೂಮು ಬಾಡಿಗೆಗೆ ಹುಡುಕ್ತಿದ್ರಂತೆ. "ಎಷ್ಟು ಜನ ಅಂತ ಯಾರೂ ಮೊದಲು ಕೇಳಲ್ಲ ಆಂಟಿ. ಸರ್‌ನೇಮ್ ಏನು, ಮನೇಲಿ ನಾನ್‌ವೆಜ್ ಮಾಡ್ತೀರಾ ಅಂತ ಕೇಳ್ತಾರೆ. ಆಮೇಲೆ ರೂಮು ಖಾಲಿ ಇಲ್ಲ ಅಂತಾರೆ" ಅಂದ. ಅವನು ತಮಾಷೆ ಥರ ಹೇಳಿದ. ನಾವಿಬ್ರು ಹೆಂಗಸರು ನಗಲಿಲ್ಲ. ಒಂದು ರಾತ್ರಿಯ ಬಾಗಿಲಿಂದ ಎದ್ದ ಪ್ರಶ್ನೆ ಹೋಗಿ ಹನ್ನೊಂದು ತಿಂಗಳ ಕರಾರಿನ ಬಾಗಿಲಲ್ಲಿ ಕೂತಿದೆ ಅಷ್ಟೇ.

ನಮ್ಮ ಬೀದೀಲೂ ಎರಡು ಮನೆ ಬಾಡಿಗೆಗೆ ಇವೆ. ಕೀ ನಮ್ಮನೇಲೇ ಇರುತ್ತೆ, ನೋಡೋಕೆ ಬಂದೋರಿಗೆ ನಾನೇ ತೋರಿಸೋದು. ಇಷ್ಟು ದಿನ ಬಂದೋರನ್ನ ಕೂರಿಸಿ ನಾನೂ ಕೇಳ್ತಿದ್ದೆ, "ನೀವು ಯಾವ ಕಡೆಯೋರು, ಯಾವ ಪೈಕಿ" ಅಂತ. ಮಾತಿಗೆ ಅಂತ ಕೇಳ್ತಿದ್ದೆ, ಕೆಟ್ಟ ಮನಸ್ಸಿಂದ ಅಲ್ಲ. ಆ ಛತ್ರದ ಮೇಜಿನ ಹಿಂದಿದ್ದೋರೂ ಹಂಗೇ ಅನ್ಕೊಂಡಿರ್ತಾರೆ.

ಹೋದ ವಾರ ಒಂದು ಸಂಸಾರ ಬಂದಿತ್ತು, ಇಬ್ರು ದೊಡ್ಡ ಮಕ್ಕಳ ಜೊತೆ. ಕೀ ತಗೊಂಡು ಹೊರಟೆ. ದಾರೀಲಿ ನಾಲಿಗೆ ತುದಿಗೆ ಹಳೇ ಪ್ರಶ್ನೆ ಬಂತು. ನುಂಗ್ಕೊಂಡು, "ಎಷ್ಟು ಜನ ಇರ್ತೀರಿ?" ಅಂತ ಕೇಳಿದೆ.